ದತ್ತ, ಸಾಧನೀಯ ಮತ್ತು ಕಪಾಟಿನ ಕೀಲಿ

ಬಾದಾಮಿಯ ಬಜಾರಿನಲ್ಲಿ ನಾನು ಸಾಮಾನು ತರುವ ಕಿರಾಣಿ ಅಂಗಡಿಯ ಶೆಟ್ಟರಿಗೆ ನನ್ನ ಚೀಟಿ ನೋಡಿದ ಕೂಡಲೇ ನಗು ಬರುತ್ತದೆ. ಅವರ ತಪ್ಪಲ್ಲ. ಚೀಟಿಯ ಮೇಲ್ಗಡೆ 'ದತ್ತ' ಎಂದು ಬರೆದು ಅಡಿಗೆರೆ ಎಳೆದು, ಮನೆಯಲ್ಲಿ ಏನೇನು ಉಳಿದಿದೆ ಎಂದು ಬರೆದಿರುತ್ತೇನೆ: ಜೋಳದ ಹಿಟ್ಟು ನಾಲ್ಕು ದಿನಕ್ಕೆ, ಶೇಂಗಾ ಒಂದು ಹಿಡಿ, ಬೆಲ್ಲ ಇಲ್ಲ. ಅದರ ಕೆಳಗೆ 'ಸಾಧನೀಯ' ಎಂದು ಬರೆದು ಬೇಕಾದ ಸಾಮಾನಿನ ಪಟ್ಟಿ. ಒಂದು ದಿನ ಶೆಟ್ಟರು ಚೀಟಿಯನ್ನು ಕನ್ನಡಕದ ಹತ್ತಿರ ಹಿಡಿದು, "ಟೀಚರ್ರ, ಎಲ್ಲಾ ಕಟ್ಟೇನಿ, ಈ ಸಾಧನೀಯ ಅನ್ನೋದು ಮಾತ್ರ ನಮ್ಮ ಅಂಗಡ್ಯಾಗ ಸಿಗಂಗಿಲ್ರಿ" ಎಂದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಬೆಲ್ಲವನ್ನು ಡಬ್ಬಿಗೆ ಹಾಕುವಾಗ ಆ ನಗು ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ.

ಶಾಲೆ ಬಿಟ್ಟು ಬಹಳ ವರ್ಷಗಳಾದವರಿಗೆ ನೆನಪಿರಲಿಕ್ಕಿಲ್ಲ. ರೇಖಾಗಣಿತದ ಪ್ರಮೇಯ ಬರೆಯುವಾಗ ನಾಲ್ಕು ಭಾಗ ಮಾಡಬೇಕು. ಕೊಟ್ಟಿರುವುದು ದತ್ತ. ತೋರಿಸಬೇಕಾದದ್ದು ಸಾಧನೀಯ. ಬೇಕಾದ ಗೆರೆ ಎಳೆದುಕೊಳ್ಳುವುದು ರಚನೆ. ಆಮೇಲೆ ಸಾಧನೆ. ಪ್ರತಿಯೊಂದರ ಕೆಳಗೂ ಸ್ಕೇಲು ಹಿಡಿದು ಗೆರೆ ಎಳೆಯಬೇಕು. ಇಳಕಲ್ಲಿನಲ್ಲಿ ಒಂಬತ್ತನೆಯ ಇಯತ್ತೆಯಲ್ಲಿ ಹತ್ತಿದ ಈ ರೂಢಿ ನನ್ನನ್ನು ಬಿಟ್ಟಿಲ್ಲ. ಊರಿಗೆ ಬರೆಯುವ ಕಾಗದದಲ್ಲೂ ಮೊದಲ ವಾಕ್ಯದ ಕೆಳಗೆ ಕೈ ತಾನೇ ಗೆರೆ ಎಳೆಯಲು ಹೋಗುತ್ತದೆ.

ರೂಢಿ ಹಚ್ಚಿದವರು ದೇಸಾಯಿ ಮಾಸ್ತರರು. ನಿವೃತ್ತಿಗೆ ಒಂದು ವರ್ಷ ಉಳಿದಿದ್ದ, ಕರಿ ಕೋಟು ತೊಟ್ಟು ಬರುತ್ತಿದ್ದ, ಬೋರ್ಡಿನ ಮೇಲೆ ತ್ರಿಕೋನವನ್ನು ಯಾವಾಗಲೂ ಬಲಕ್ಕೆ ಸ್ವಲ್ಪ ವಾಲಿಸಿ ಬರೆಯುತ್ತಿದ್ದ ಮನುಷ್ಯ. ಅವರ ತ್ರಿಕೋನಗಳಿಗೆ ಎ, ಬಿ, ಸಿ ಎಂಬ ಹೆಸರಿರಲಿಲ್ಲ. ಮುಂಬಯಿ ಸರಕಾರದ ಕಾಲದ ಪುಸ್ತಕಗಳಲ್ಲಿ ಕಲಿತವರಾದ್ದರಿಂದ ಅವರದು ಅ, ಬ, ಕ. ವರ್ಗಕ್ಕೆ ಬಂದು ಕೂತು ಕಣ್ಣು ಮುಚ್ಚಿ ಪ್ರಮೇಯ ಹೇಳುತ್ತಿದ್ದರು, ಅಲ್ಪವಿರಾಮ ಪೂರ್ಣವಿರಾಮಗಳ ಸಮೇತ. ನಾವು ಬರೆದುಕೊಳ್ಳುತ್ತಿದ್ದೆವು. ಮರುದಿನ ಅದನ್ನೇ ಹತ್ತು ಸಲ ಬರೆದು ತರಬೇಕು. ಮೂರನೆಯ ದಿನ ಎಲ್ಲರೂ ಕೂಡಿ ಒಂದೇ ದನಿಯಲ್ಲಿ ಹೇಳಬೇಕು. ಯಾರಾದರೂ ಯಾಕೆ ಎಂದು ಬಾಯಿ ತೆರೆದರೆ ಕಣ್ಣು ತೆರೆಯದೆಯೇ, "ಕೇಳಬ್ಯಾಡ, ಬರಿ" ಎನ್ನುತ್ತಿದ್ದರು. ಸಿಟ್ಟಿನಿಂದಲ್ಲ, ದವಾಖಾನಿಯಲ್ಲಿ ಔಷಧ ಕಹಿ ಎಂದ ಮಗುವಿಗೆ ಹೇಳುವಂತೆ. ನಮ್ಮ ತಂದೆ ದವಾಖಾನಿಯಲ್ಲಿ ಕಂಪೌಂಡರ್ ಆಗಿದ್ದರಿಂದ ಆ ದನಿ ನನಗೆ ಪರಿಚಿತವಾಗಿತ್ತು.

ನಮ್ಮ ಶಾಲೆಯ ಪ್ಯೂನ್ ಬಸಣ್ಣ ವರ್ಗದ ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕೂತು ಇಪ್ಪತ್ತು ವರ್ಷ ದೇಸಾಯಿ ಮಾಸ್ತರರನ್ನು ಕೇಳಿದ್ದ. ಹದಿನೆಂಟು ಪ್ರಮೇಯಗಳು ಅವನ ಬಾಯಲ್ಲಿದ್ದವು. ಒಮ್ಮೆ ನಾವು ಹುಡುಗಿಯರು ಅವನಿಗೆ ಸೀಮೆಸುಣ್ಣ ಕೊಟ್ಟು, ಬಸಣ್ಣ, ಒಂದು ತ್ರಿಕೋನ ಬರೆದು ತೋರಿಸು ಎಂದೆವು. ಅವನು ಬಹಳ ಹೊತ್ತು ವಿಚಾರ ಮಾಡಿ ಒಂದು ಚೌಕ ಬರೆದ. ನಾವು ಹೊಟ್ಟೆ ಹಿಡಿದು ನಕ್ಕೆವು. ನಕ್ಕವರಲ್ಲಿ ಎಷ್ಟು ಜನಕ್ಕೆ ತ್ರಿಕೋನ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ. ನನಗೆ ಗೊತ್ತಿದ್ದದ್ದು ವಾಕ್ಯಗಳು.

ನನ್ನ ಪಕ್ಕದಲ್ಲಿ ಕೂಡುತ್ತಿದ್ದ ನೀಲಾಗೆ ವಾಕ್ಯಗಳು ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಅವಳ ಅಪ್ಪ ನೇಕಾರ. ಮನೆಯ ನಡುಕೋಣೆಯಲ್ಲಿ ತಗ್ಗು ತೋಡಿ ಮಗ್ಗ ಕೂಡಿಸಿದ್ದರು. ಮಗ್ಗದ ಉದ್ದನೆಯ ಎಳೆಗಳಿಗೆ ಹಾಸು ಎನ್ನುತ್ತಾರೆ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಒಂದು ಎಳೆ ಲೆಕ್ಕ ತಪ್ಪಿದರೂ ಸೆರಗಿನ ಅಂಚಿಗೆ ಹೋದಾಗ ಅದು ಕಾಣುತ್ತದೆ. ಈ ಲೆಕ್ಕವನ್ನು ನೀಲಾ ಎಂಟು ವರ್ಷದವಳಿದ್ದಾಗಿನಿಂದ ಮಾಡುತ್ತಿದ್ದಳು. ಕಾಗದ ಬೇಕಿರಲಿಲ್ಲ. ಬೆರಳಿನಿಂದ ಎಳೆಗಳನ್ನು ಮುಟ್ಟುತ್ತ ಹೋಗಿ, ಅಪ್ಪಾ, ಎಡಗಡೆ ಎರಡು ಹೆಚ್ಚಾಗ್ಯಾವ ನೋಡು ಎನ್ನುತ್ತಿದ್ದಳಂತೆ. ಆದರೆ ದೇಸಾಯಿ ಮಾಸ್ತರರ ಪ್ರಮೇಯದಲ್ಲಿ ಮೂರನೆಯ ಸಾಲಿಗೆ ಬಂದ ಕೂಡಲೇ ನಿಂತುಬಿಡುತ್ತಿದ್ದಳು, ಯಾಕೆ ಎಂದು ಕೇಳಬೇಕೆನ್ನಿಸಿ.

ಅವಳಿಗೆ ಟೀಚರ್ ಆಗಬೇಕಿತ್ತು. ಆಗ ಎಸ್ಸೆಸ್ಸೆಲ್ಸಿ ಪಾಸಾದರೆ ಬಾಗಲಕೋಟೆಯಲ್ಲಿ ಶಿಕ್ಷಕಿಯರ ತರಬೇತಿಗೆ ಸೇರಬಹುದಿತ್ತು. ಹುನಗುಂದದಿಂದ ಒಂದು ಸಂಬಂಧ ಆಗಲೇ ಬಂದು ಕಾಯುತ್ತಿತ್ತು. ಅವಳ ಅಪ್ಪ ಕೆಟ್ಟವರಲ್ಲ, ಒಂದು ಕರಾರು ಹಾಕಿದ್ದರು. ನಾನು ಅವರ ಮನೆಯಲ್ಲಿದ್ದಾಗಲೇ, ಲಾಳಿ ನಿಲ್ಲಿಸದೆ ಹೇಳಿದ ಮಾತು ಇದು: "ಒಂದ ಸಲ ನೋಡೋಣು. ಪಾಸಾದಿ, ಬಾಗಲಕೋಟಿಗೆ ನಾನ ಕರಕೊಂಡ್ ಹೋಗ್ತೇನಿ. ನಪಾಸಾದಿ, ಹುನಗುಂದದವರಿಗೆ ಹೂಂ ಅಂತೇನಿ. ಅಕ್ಟೋಬರ್ ಪರೀಕ್ಷಾ ಗಿರೀಕ್ಷಾ ಮತ್ತ ಕಟ್ಟಂಗಿಲ್ಲ." ನೀಲಾ ಆಗಲಿ ಎಂದಳು. ಉಳಿದ ವಿಷಯಗಳಲ್ಲಿ ಅವಳಿಗೆ ಭಯವಿರಲಿಲ್ಲ. ಇದ್ದದ್ದು ಗಣಿತ ಒಂದೇ.

ಹತ್ತನೆಯ ಇಯತ್ತೆಗೆ ದೇಸಾಯಿ ಮಾಸ್ತರರು ನಿವೃತ್ತರಾದರು, ಮುಲ್ಲಾ ಸರ್ ಬಂದರು. ಚಿಕ್ಕ ವಯಸ್ಸು, ತೋಳು ಮಡಚಿದ ಬಿಳಿ ಅಂಗಿ, ಎದೆಯ ಜೇಬಿನಲ್ಲಿ ಯಾವಾಗಲೂ ನಾಲ್ಕೈದು ಸಾಮಾನು. ಮೊದಲ ದಿನ ಎಲ್ಲರಿಗೂ ಒಂದೊಂದು ಕಾಗದ ಹಂಚಿದರು. ಎರಡು ಬದಿ ಸಮ ಇರುವ ತ್ರಿಕೋನ ಕತ್ತರಿಸಿಕೊಂಡು, ಕೆಳಗಿನ ಎರಡು ಮೂಲೆಗಳ ಬಗ್ಗೆ ನಿಮಗೇನು ಅನಿಸುತ್ತದೆ ಹೇಳಿ ಎಂದರು. ಹೇಳಿ ಕುರ್ಚಿಯಲ್ಲಿ ಕೂತರು. ಪಿರಿಯಡ್ ಮುಗಿಯುವವರೆಗೆ ಒಂದು ಮಾತಾಡಲಿಲ್ಲ.

ನಾನು ಆ ಮೌನದಲ್ಲಿ ಬೆವೆತೆ. ಆ ಪ್ರಮೇಯ ನನಗೆ ಬರುತ್ತಿತ್ತು, ಬರೆದರೆ ಒಂದು ಅಕ್ಷರ ತಪ್ಪುತ್ತಿರಲಿಲ್ಲ. ಆದರೆ ಕೈಯಲ್ಲಿದ್ದ ಈ ಕಾಗದದ ತುಂಡಿಗೂ ಅದಕ್ಕೂ ಸಂಬಂಧವಿದೆ ಎಂದು ಹೊಳೆಯಲಿಲ್ಲ. ನೀಲಾ ತನ್ನದನ್ನು ನಡುವೆ ಮಡಚಿದಳು, ಮೂಲೆಯ ಮೇಲೆ ಮೂಲೆ ಕೂತಿತು. ಎದ್ದು ನಿಂತು ಅದನ್ನು ಎತ್ತಿ ತೋರಿಸಿ, "ಸರ್, ಇದು ಸೀರಿ ಮಡಚಿ ಘಳಿಗಿ ಮಾಡಿದಂಗರಿ. ಅಂಚಿಗೆ ಅಂಚು ಬರಾಕ ಬೇಕು" ಎಂದಳು. ಮುಲ್ಲಾ ಸರ್ ಎದ್ದು ಬಂದು ಆ ಕಾಗದವನ್ನು ಇಸಿದುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ಎದೆಯ ಜೇಬಿನಲ್ಲಿ ಇಟ್ಟುಕೊಂಡರು.

ಅವರ ಕಲಿಸುವ ರೀತಿ ಅಷ್ಟೇ. ಮೊದಲು ಲೆಕ್ಕ, ಆಮೇಲೆ ನಾವು, ಕೊನೆಗೆ ಬೇಕಾದರೆ ಸೂತ್ರ. ಇಳಕಲ್ಲಿನ ಕಲ್ಲು ಗಣಿಯ ಬಂಡೆ ಎಷ್ಟು ಭಾರ, ಒಂದು ಸೀರೆಗೆ ನೂಲು ಎಷ್ಟು ಬೇಕು, ಶಾಲೆಯ ಧ್ವಜದ ಕಂಬ ಹತ್ತದೆ ಅದರ ಎತ್ತರ ಹೇಗೆ ಹೇಳುತ್ತೀರಿ. ಉತ್ತರ ಮಾತ್ರ ಹೇಳುತ್ತಿರಲಿಲ್ಲ. ದೀಪಾವಳಿಯ ನಂತರ ಒಂದು ದಿನ ಬಾದಾಮಿಗೆ ಕರೆದುಕೊಂಡು ಹೋದರು. ಮೊದಲನೆಯ ಗುಹೆಯ ಮುಂದೆ ಗೈಡ್ ಒಬ್ಬ, ಹದಿನೆಂಟು ಕೈಯ ನಟರಾಜ, ಎಂಬತ್ತೊಂದು ಭಂಗಿ ಎಂದು ಒಂದೇ ಉಸಿರಿನಲ್ಲಿ ಹೇಳಿದ. ನೀಲಾ, ಎಂಬತ್ತೊಂದು ಹ್ಯಾಂಗ್ರಿ ಎಂದು ಕೇಳಿದಳು. ಗೈಡ್ ಅವಳನ್ನು ಮೇಲಿನಿಂದ ಕೆಳಗೆ ನೋಡಿ, "ಹ್ಯಾಂಗ ಅಂದ್ರ? ಮೊದಲಿಂದ ಅಷ್ಟ ಅದಾವ" ಎಂದ. ಮುಲ್ಲಾ ಸರ್ ನಮ್ಮನ್ನೆಲ್ಲ ಅಲ್ಲೇ ಮೆಟ್ಟಿಲ ಮೇಲೆ ಕೂಡಿಸಿದರು. ನೀಲಾ ಎಡಗಡೆಯ ಕೈ ಎಣಿಸಿದಳು, ಬಲಗಡೆಯ ಕೈ ಎಣಿಸಿದಳು. ಎಡದ ಒಂದು ಕೈಗೆ ಬಲದ ಒಂಬತ್ತೂ ಜೋಡಿ. ಹಾಗೆ ಎಡಕ್ಕೆ ಒಂಬತ್ತು. ಅವಳು ಒಂಬತ್ತೊಂಬತ್ಲೆ ಎನ್ನುವಷ್ಟರಲ್ಲಿ ಒಂದು ಕೋತಿ ನನ್ನ ಬುತ್ತಿಯ ಗಂಟು ಕಿತ್ತುಕೊಂಡು ಹೋಯಿತು. ಅವತ್ತು ನಾನು ನೀಲಾಳ ರೊಟ್ಟಿ ತಿಂದೆ. ಇದನ್ನು ಯಾಕೆ ಹೇಳಿದೆನೆಂದರೆ ಆ ವರ್ಷ ನಾನು ಅವಳಿಂದ ತೆಗೆದುಕೊಂಡದ್ದು ರೊಟ್ಟಿಯೊಂದೇ ಅಲ್ಲ.

ಇನ್ನು ಕಪಾಟಿನ ವಿಷಯ. ಜುಲೈ ತಿಂಗಳಲ್ಲೇ ಮುಲ್ಲಾ ಸರ್ ಒಂದು ಮಾತು ಹೇಳಿದ್ದರು: ಹಳೆಯ ನೋಟ್ಸಿನ ವಹಿಗಳು, ಗೈಡುಗಳು ಕೈಯಲ್ಲಿದ್ದರೆ ನೀವು ವಿಚಾರ ಮಾಡುವುದಿಲ್ಲ, ಎಲ್ಲ ತಂದು ಒಪ್ಪಿಸಿರಿ, ಪ್ರಮೇಯ ಬರೆಯುವ ರೀತಿಯನ್ನು ಫೆಬ್ರವರಿಯಲ್ಲಿ ನಾನೇ ಕಲಿಸಿ ವಹಿ ತಿರುಗಿ ಕೊಡುತ್ತೇನೆ. ಎಲ್ಲರೂ ದೇಸಾಯಿ ಮಾಸ್ತರರ ಪ್ರಮೇಯದ ವಹಿ ತಂದರು. ಸರ್ ಒಂದೊಂದಕ್ಕೂ ಹೆಸರಿನ ಚೀಟಿ ಅಂಟಿಸಿ, ವರ್ಗದ ಮೂಲೆಯ ಕಬ್ಬಿಣದ ಕಪಾಟಿನಲ್ಲಿ ಜೋಡಿಸಿ, ಬೀಗ ಹಾಕಿ, ಕೀಲಿಯನ್ನು ಎದೆಯ ಜೇಬಿಗೆ ಹಾಕಿಕೊಂಡರು.

ನಾನೂ ಒಂದು ವಹಿ ಕೊಟ್ಟೆ. ಅದು ಇತಿಹಾಸದ್ದು. ಎಂಟನೆಯ ಇಯತ್ತೆಯದು, ಯಾರಿಗೂ ಬೇಡವಾದದ್ದು. ಹಿಂದಿನ ರಾತ್ರಿ ಅದಕ್ಕೆ ಹೊಸ ಕಂದು ಕಾಗದದ ಹೊದಿಕೆ ಹಾಕಿ, ಮೇಲೆ 'ರೇಖಾಗಣಿತ' ಎಂದು ಬರೆದು, ಅಡಿಗೆರೆ ಎಳೆದಿದ್ದೆ. ಖರೆ ವಹಿ ಟ್ರಂಕಿನಲ್ಲಿ ನನ್ನ ದೀಪಾವಳಿಯ ಲಂಗದ ಕೆಳಗಿತ್ತು. ಯಾರಿಗೂ ಅನ್ಯಾಯ ಮಾಡಬೇಕೆಂದು ಇಟ್ಟುಕೊಂಡದ್ದಲ್ಲ. ಅದಿಲ್ಲದೆ ನನಗೆ ಏನೂ ಬರುವುದಿಲ್ಲ ಎಂದು ನನಗೊಬ್ಬಳಿಗೇ ಗೊತ್ತಿತ್ತು, ಅಷ್ಟೇ.

ಜನವರಿಯ ಮಧ್ಯದಲ್ಲಿ ಮುಲ್ಲಾ ಸರ್‌ಗೆ ವರ್ಗಾವಣೆಯ ಆದೇಶ ಬಂತು. ನಮ್ಮ ಶಾಲೆ ನಡೆಸುವ ಸಂಸ್ಥೆಯದೇ ಬಾದಾಮಿಯ ಶಾಲೆಗೆ, ಕೂಡಲೇ. ಮಧ್ಯಾಹ್ನದ ಬಸ್ಸಿಗೆ ಹೊರಟರು. ನಮಗೆ ಒಂದು ಲೆಕ್ಕವನ್ನೂ ಕೊಡದೆ ಹೋದ ದಿನ ಅದೊಂದೇ. ಅವರು ಹೋಗಿ ಮೂರು ದಿನದ ಮೇಲೆ ಹುಡುಗರಲ್ಲೊಬ್ಬ ಕಪಾಟಿನ ಕೀಲಿ ಎಲ್ಲಿ ಎಂದು ಕೇಳಿದ. ಕೀಲಿ ಅವರ ಜೇಬಿನಲ್ಲೇ ಬಾದಾಮಿಗೆ ಹೋಗಿತ್ತು.

ಹೆಡ್ಮಾಸ್ತರರ ಹತ್ತಿರ ಹೋದೆವು. ಬಸಣ್ಣ ಕಬ್ಬಿಣದ ಹಾರೆ ತಂದು ತಯಾರಾಗಿ ನಿಂತಿದ್ದ. ಹೆಡ್ಮಾಸ್ತರರು ದಪ್ಪನೆಯ ಒಂದು ರಿಜಿಸ್ಟರು ತೆರೆದು ಬೆರಳಿಟ್ಟು ತೋರಿಸಿದರು. ಕಪಾಟು ಡೆಡ್ ಸ್ಟಾಕಿನಲ್ಲಿ, ಅಂದರೆ ಶಾಲೆಯ ಸಾಮಾನಿನ ಪಟ್ಟಿಯಲ್ಲಿ, ದಾಖಲಾಗಿತ್ತು. "ಬೀಗ ಒಡದ್ರ ನಾಳೆ ಇನ್ಸ್‌ಪೆಕ್ಷನ್ನಿನಾಗ ಉತ್ತರ ಕೊಡಾವ್ರು ಯಾರು? ಕಾಗದ ಬರದೇನಿ. ಕೀಲಿ ಬರತೈತಿ, ಓದಕೋರಿ" ಎಂದರು. ಏನನ್ನು ಓದಬೇಕೆಂದು ಯಾರೂ ಕೇಳಲಿಲ್ಲ. ಪಠ್ಯಪುಸ್ತಕ ಇತ್ತಲ್ಲ ಎನ್ನಬಹುದು. ಆ ವರ್ಷ ಹೊಸದು. ನಾಲ್ಕು ಹುಡುಗಿಯರಿಗೆ ಒಂದು ಪ್ರತಿ ಬಂದಿತ್ತು, ಅದರಲ್ಲೂ ಅರ್ಧ ಪ್ರಮೇಯಗಳ ಸಾಧನೆಯನ್ನು ವಿದ್ಯಾರ್ಥಿಗಳೇ ಮಾಡಲಿ ಎಂದು ಬಿಟ್ಟಿದ್ದರು. ಗಣಿತಕ್ಕೆ ಬೇರೆ ಮಾಸ್ತರರು ಬರಲಿಲ್ಲ. ಹಿಂದಿ ಮಾಸ್ತರರು ಆ ಪಿರಿಯಡ್ಡಿಗೆ ಬಂದು ಹಾಜರಿ ಹಿಡಿದು ಕೂಡುತ್ತಿದ್ದರು. ದೇಸಾಯಿ ಮಾಸ್ತರರು ಮಗನ ಹತ್ತಿರ ಸೊಲ್ಲಾಪುರಕ್ಕೆ ಹೋಗಿಬಿಟ್ಟಿದ್ದರು.

ಆಗಿನಿಂದ ನೀಲಾ ಸಂಜೆ ನಾಲ್ಕೂವರೆಗೆ ನಮ್ಮ ಮನೆಗೆ ಬರತೊಡಗಿದಳು. ಇಬ್ಬರೂ ಚಾಪೆ ಹಾಸಿ ಕೂತು ಲೆಕ್ಕ ಬಿಡಿಸುತ್ತಿದ್ದೆವು. ಬಿಡಿಸುತ್ತಿದ್ದೆವು ಎಂದರೆ ಅವಳು ಬಿಡಿಸುತ್ತಿದ್ದಳು. ಪ್ರಮೇಯದ ಕೆಳಗೆ ಹೊಸದಾಗಿ ಕೇಳುವ ಲೆಕ್ಕಗಳಿಗೆ ರೈಡರ್ ಎನ್ನುತ್ತಿದ್ದೆವು. ಅವಕ್ಕೆ ಹೆಚ್ಚು ಅಂಕ. ಅವುಗಳ ಎದುರು ನಾನು ಕಲ್ಲಾಗಿ ಕೂಡುತ್ತಿದ್ದೆ. ಅವಳು ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿ, ಇಲ್ಲಿ ಒಂದು ಗೆರೆ ಎಳೆದರೆ ಏನಾಗುತ್ತದೆ ನೋಡು ಎಂದು ಪೆನ್ಸಿಲ್ಲನ್ನು ನನ್ನ ಕೈಗೇ ಕೊಡುತ್ತಿದ್ದಳು. ಹೇಳಿಬಿಡುತ್ತಿರಲಿಲ್ಲ, ಕಾಯುತ್ತಿದ್ದಳು. ಮುಲ್ಲಾ ಸರ್‌ಗಿಂತ ಚೆನ್ನಾಗಿ ಕಾಯುತ್ತಿದ್ದಳು. ರೈಡರ್ ಬಿಡಿಸುವುದೆಂದರೆ ಏನೆಂದು ನಾನು ಕಲಿತದ್ದು ಆ ಚಾಪೆಯ ಮೇಲೆ.

ಟ್ರಂಕು ಚಾಪೆಯಿಂದ ಮೂರು ಮೊಳ ದೂರದಲ್ಲಿತ್ತು.

ಅವಳು ಆರು ಗಂಟೆಗೆ ಹೋಗುತ್ತಿದ್ದಳು. ನಾನು ಬೆಳಿಗ್ಗೆ ಐದಕ್ಕೆ ಎದ್ದು ವಹಿ ತೆಗೆದು ಓದುತ್ತಿದ್ದೆ. ಮೊದಲ ವಾರ ತೋರಿಸಬೇಕೆಂದುಕೊಂಡೆ. ತೋರಿಸಿದರೆ ಜುಲೈಯಲ್ಲಿ ಸರ್‌ಗೆ ಏನು ಕೊಟ್ಟೆ ಎಂದು ಹೇಳಬೇಕಾಗುತ್ತಿತ್ತು. ಎರಡನೆಯ ವಾರ, ಮೊದಲ ವಾರ ಯಾಕೆ ತೋರಿಸಲಿಲ್ಲ ಎಂದೂ ಹೇಳಬೇಕಾಗುತ್ತಿತ್ತು. ಒಂದೊಂದು ದಿನಕ್ಕೂ ಹೇಳಬೇಕಾದದ್ದು ಒಂದೊಂದು ಹೆಚ್ಚುತ್ತ ಹೋಯಿತು. ಕೀಲಿ ನಾಳೆ ಬಂದೇ ಬರುತ್ತದೆ ಎಂದು ದಿನಾಲು ನನಗೆ ನಾನೇ ಹೇಳಿಕೊಂಡೆ. ಅವಳು ಒಟ್ಟು ನಲವತ್ತೊಂದು ಸಂಜೆ ಬಂದಳು. ಆಗ ಎಣಿಸಿರಲಿಲ್ಲ, ಆಮೇಲೆ ಕ್ಯಾಲೆಂಡರ್ ಇಟ್ಟುಕೊಂಡು ಎಣಿಸಿದೆ.

ಫೆಬ್ರವರಿಯಲ್ಲಿ ಪ್ರಿಪರೇಟರಿ ಪರೀಕ್ಷೆ ಆಯಿತು. ಗಣಿತದಲ್ಲಿ ವರ್ಗಕ್ಕೆ ನಾನೇ ಮೊದಲು. ಉತ್ತರಪತ್ರಿಕೆ ಹಂಚಿದಾಗ ನೀಲಾ ನನ್ನದನ್ನು ಕೇಳಿ ತೆಗೆದುಕೊಂಡು, ಒಂದು ಪುಟದ ಹತ್ತಿರ ಸ್ವಲ್ಪ ಹೊತ್ತು ನಿಂತು, ತಿರುಗಿ ಕೊಟ್ಟಳು. ಭಾಳ ಚಂದ ಬರದಿ ಎಂದಳು.

ಮಾರ್ಚಿನ ಪರೀಕ್ಷೆಯಲ್ಲಿ ಎರಡು ಪ್ರಮೇಯ ಬಂದವು. ಒಂದು ಅರ್ಧವೃತ್ತದೊಳಗಿನ ಕೋನದ್ದು. ಇನ್ನೊಂದು, ಮುಲ್ಲಾ ಸರ್ ಮೊದಲ ದಿನ ಕಾಗದ ಹಂಚಿದ್ದರಲ್ಲ, ಅದೇ. ನಾನು ಎರಡನ್ನೂ ಗೆರೆ ಸಮೇತ ಬರೆದೆ. ಹೊರಗೆ ಬಂದ ಮೇಲೆ ಬೇವಿನ ಮರದ ಕೆಳಗೆ ನೀಲಾ ಸಿಕ್ಕಳು. ಮೊದಲನೆಯದು ಅರ್ಧಕ್ಕೆ ನಿಂತಿತು, ಎರಡನೆಯದು ಮಾತ್ರ ಬರೆದೆ ಎಂದಳು. ಹೇಗೆ ಎಂದೆ. "ತ್ರಿಕೋನ ಕತ್ತರಿಸಿ, ಮಡಚಿ, ಪೇಪರಿಗೆ ಹೊಲದು ಹಚ್ಚೇನಿ. ಮಡಚಿದರ ಮೂಲಿ ಮ್ಯಾಲ ಮೂಲಿ ಕೂಡ್ತಾವ, ತಗದು ನೋಡ್ರಿ ಅಂತ ಬರದೇನಿ" ಎಂದಳು. ಪುರವಣಿ ಕಟ್ಟಲು ಕೊಟ್ಟ ದಾರದಲ್ಲಿ ಹೊಲಿದಿದ್ದಳು. ಮುಖದಲ್ಲಿ ಒಂದು ಬೆಳಕಿತ್ತು. ಯಾವುದೋ ಊರಿನ ಪರೀಕ್ಷಕರು ಅದನ್ನು ತೆಗೆದು ನೋಡಿದರೋ ಇಲ್ಲವೋ. ನಾನೂ ಈಗ ಪರೀಕ್ಷಕಿ. ಅಂಥದ್ದಕ್ಕೆ ಅಂಕ ಹಾಕಲು ನಮಗೆ ಕೊಟ್ಟ ಮಾದರಿ ಉತ್ತರದಲ್ಲಿ ಜಾಗವಿರುವುದಿಲ್ಲ.

ಕೀಲಿ ಏಪ್ರಿಲ್‌ನಲ್ಲಿ ಬಂತು, ಲಕೋಟೆಯಲ್ಲಿ, ಒಂದು ಕಾಗದದ ಸಂಗಡ. ಮಕ್ಕಳಿಗೆ ತೊಂದರೆಯಾಗಿರಲಿಕ್ಕಿಲ್ಲವೆಂದು ನಂಬಿದ್ದೇನೆ, ಅವರು ವಿಚಾರ ಮಾಡುವುದನ್ನು ಕಲಿತಿದ್ದಾರೆ ಎಂದು ಮುಲ್ಲಾ ಸರ್ ಬರೆದಿದ್ದರಂತೆ. ಹೆಡ್ಮಾಸ್ತರರು ಎಲ್ಲರನ್ನೂ ಕರೆಸಿ, ಹೆಸರು ಕೂಗಿ, ವಹಿ ಹಂಚಿದರು. ನನ್ನ ಕಂದು ಹೊದಿಕೆಯ ಇತಿಹಾಸವನ್ನು ಎದೆಗೆ ಒತ್ತಿ ಹಿಡಿದು ನಿಂತೆ. ನೀಲಾ ತನ್ನ ವಹಿಯನ್ನು ಅಲ್ಲೇ ತೆರೆದಳು. ಅವಳದೇ ಕೈಬರಹದಲ್ಲಿ ಎರಡೂ ಪ್ರಮೇಯಗಳಿದ್ದವು. ಓದಿದಳು, ಮುಚ್ಚಿದಳು.

ಗಣಿತದಲ್ಲಿ ಅವಳಿಗೆ ಮೂವತ್ತೊಂದು ಬಂತು. ಪಾಸಾಗಲು ಮೂವತ್ತೈದು ಬೇಕು. ನನಗೆ ಎಂಬತ್ತೆರಡು. ಅದರಲ್ಲಿ ಎರಡು ರೈಡರ್‌ಗಳ ಅಂಕ ಅವಳದ್ದು. ನನ್ನ ಹೆಸರು ಬೋರ್ಡಿಗೆ ಹತ್ತಿತು. ಮುಂದಿನ ತಿಂಗಳು ನೀಲಾಳ ಅಪ್ಪ ಹುನಗುಂದದವರಿಗೆ ಹೂಂ ಎಂದರು. ಮದುವೆಗೆ ನಾನು ಹೋಗಲಿಲ್ಲ. ಬಾಗಲಕೋಟೆಯಲ್ಲಿ ಕಾಲೇಜು ಶುರುವಾಗಿತ್ತು. ಕಾಲೇಜು ಶುರುವಾಗಿದ್ದದ್ದು ನಿಜ.

ಆಮೇಲಿನ ನನ್ನ ಚರಿತ್ರೆಯಲ್ಲಿ ಹೇಳುವಂಥದ್ದು ಏನಿಲ್ಲ. ಧಾರವಾಡದಲ್ಲಿ ಗಣಿತದಲ್ಲಿ ಎಂ.ಎಸ್ಸಿ. ಮಾಡಿದೆ. ಹೊಸ ಲೆಕ್ಕ ಕಂಡರೆ ಈಗಲೂ ಇದು ಯಾವ ಪುಟದ್ದು ಎಂದು ಮನಸ್ಸು ಹುಡುಕುತ್ತದೆ. ಬಾದಾಮಿಯಲ್ಲಿ ಕೆಲಸ ಸಿಕ್ಕಿತು. ನಾನು ಕಲಿಸುವ ರೀತಿ ಯಾರದ್ದೆಂದು ನೀವು ಆಗಲೇ ಊಹಿಸಿರಬೇಕು. ಕಣ್ಣು ಮುಚ್ಚುವುದಿಲ್ಲ, ಅಷ್ಟೇ ವ್ಯತ್ಯಾಸ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ ಕಾಗದ ಹಂಚಿ ಮೂಲೆಗಳ ಬಗ್ಗೆ ಕೇಳಿ ಸುಮ್ಮನೆ ಕೂತಿದ್ದೆ. ಹತ್ತು ನಿಮಿಷ ಆಗುವಷ್ಟರಲ್ಲಿ ಕಿಟಕಿಯಿಂದ ಕೋತಿಯೊಂದು ಕೈ ಹಾಕಿ ಮುಂದಿನ ಬೆಂಚಿನ ಹುಡುಗಿಯ ತ್ರಿಕೋನ ಎಳೆದುಕೊಂಡು ಹೋಗಿ ತಿಂದಿತು. ವರ್ಗವೆಲ್ಲ ನಗುತ್ತಿದ್ದಾಗ ನಾನು ಬೋರ್ಡಿಗೆ ತಿರುಗಿ 'ದತ್ತ' ಎಂದು ಬರೆದೆ. ನನ್ನ ಅಂಜಿಕೆಗೆ ಕೋತಿ ಒಂದು ನೆವವಾಯಿತು. ನನ್ನ ವರ್ಗದ ಫಲಿತಾಂಶ ಪ್ರತಿ ವರ್ಷ ಚೆನ್ನಾಗಿರುತ್ತದೆ.

ಒಮ್ಮೆ ಬಾದಾಮಿ ಸ್ಟೇಷನ್ನಿನಲ್ಲಿ ಮುಲ್ಲಾ ಸರ್ ಸಿಕ್ಕರು. ಅವರಿಗೆ ಮತ್ತೆಲ್ಲಿಗೋ ವರ್ಗವಾಗಿತ್ತು, ಕೂದಲು ಬೆಳ್ಳಗಾಗಿತ್ತು. ನಾನು ಗಣಿತ ಕಲಿಸುತ್ತೇನೆಂದು ಕೇಳಿ ಸಂತೋಷಪಟ್ಟರು. ಗಾಡಿ ಬರುವ ಹೊತ್ತಿಗೆ, "ನಿನ್ನ ಬಾಜು ಕೂಡ್ತಿದ್ಲಲ್ಲಮ್ಮ, ನೇಕಾರರ ಹುಡುಗಿ. ಟೀಚರ್ ಆಗಿರಬೇಕಲ್ಲ ಆಕಿ? ಎಲ್ಲಿ ಅದಾಳ ಈಗ?" ಎಂದು ಕೇಳಿದರು. "ಹುನಗುಂದದಾಗ ಅದಾಳ್ರಿ ಸರ್" ಎಂದೆ. "ಛಲೋ ಆತು, ಹುನಗುಂದದ ಮಕ್ಕಳು ಪುಣ್ಯ ಮಾಡ್ಯಾವ" ಎಂದು ಹೇಳಿ ಗಾಡಿ ಹತ್ತಿದರು. ಅವಳು ಹುನಗುಂದದಲ್ಲಿ ಇದ್ದದ್ದು ಖರೆ. ನಾನು ಸುಳ್ಳು ಹೇಳುವವಳಲ್ಲ. ಖರೆ ಇದ್ದದ್ದರಲ್ಲಿ ಎಷ್ಟು ಬೇಕೋ ಅಷ್ಟನ್ನು ಹೇಳುವವಳು.

ಈ ವರ್ಷದ ಎಸ್ಸೆಸ್ಸೆಲ್ಸಿಗೆ ನನ್ನನ್ನು ಮೇಲ್ವಿಚಾರಣೆಗೆಂದು ಹುನಗುಂದಕ್ಕೆ ಹಾಕಿದರು. ಶೆಟ್ಟರ ಅಂಗಡಿಯ ನಗು ಆಗಿ ಹದಿನೈದು ದಿನವಾಗಿತ್ತು. ಚೀಲದಲ್ಲಿ ಆ ಪ್ರಮೇಯದ ವಹಿ ಇಟ್ಟುಕೊಂಡು ಹೋದೆ. ಗಣಿತದ ಪೇಪರ್ ಮುಗಿದ ಮಧ್ಯಾಹ್ನ ಅವಳ ಮನೆ ಕೇಳುತ್ತ ಹೊರಟೆ. ಹೇಳಬೇಕಾದ ವಾಕ್ಯಗಳನ್ನು ಮನಸ್ಸಿನಲ್ಲೇ ಕ್ರಮವಾಗಿ ಜೋಡಿಸಿಕೊಂಡಿದ್ದೆ. ಜುಲೈ, ಇತಿಹಾಸದ ವಹಿ, ಟ್ರಂಕು.

ಗಂಡನ ಮನೆಯಲ್ಲೂ ಮಗ್ಗವೇ. ನೀಲಾ ಬಾಗಿಲ ಬೆಳಕಿಗೆ ಕೂತು ರಾಟಿ ತಿರುಗಿಸುತ್ತ ನೂಲನ್ನು ಕಂಡಿಕೆಗೆ ಸುತ್ತುತ್ತಿದ್ದಳು. ಗುರುತು ಹಿಡಿಯಲು ಅವಳಿಗೆ ಒಂದು ಕ್ಷಣವೂ ಬೇಕಾಗಲಿಲ್ಲ, ನನಗೆ ಬೇಕಾಯಿತು. ಎರಡು ಹೆತ್ತು ಒಂದನ್ನು ಕಳೆದುಕೊಂಡಿದ್ದಳು. ಬಲಗೈಯ ಹೆಬ್ಬೆರಳು ನೂಲಿನಿಂದ ಸೀಳಿ ಸೀಳಿ ದಪ್ಪಗಾಗಿತ್ತು. ನಾನು ನೆಲಕ್ಕೆ ಕೂಡಲು ಹೋದರೆ, "ಕುರ್ಚಿ ಮ್ಯಾಲ ಕೂಡವ್ವಾ, ಟೀಚರ್ ಬಾಯಾರನ್ನ ನೆಲಕ್ಕ ಕೂಡಿಸಿದ್ಲು ಅಂತ ನಮ್ಮತ್ತಿ ಊರೆಲ್ಲಾ ಸಾರ್ತಾಳ" ಎಂದಳು. ಒಳಗಿನಿಂದ ಅತ್ತೆ ಏನೋ ಗೊಣಗಿದರು. ಚಹಾ ಬಂತು. ನಾನು ಕುಡಿದು ಮುಗಿಸಿ ಚೀಲದಿಂದ ವಹಿ ತೆಗೆದೆ. ಜೋಡಿಸಿಕೊಂಡ ವಾಕ್ಯಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು ವಹಿ ತೆಗೆದುಕೊಂಡಳು.

"ಇನ್ನೂ ಇಟ್ಟೀಯಲ್ಲ" ಎಂದಳು.

"ನಿನಗ ಗೊತ್ತಿತ್ತೇನು?"

"ಪ್ರಿಪರೇಟರಿ ಪೇಪರ್ ಕೊಟ್ಟ ದಿನ ಗೊತ್ತಾತು. ಸರ್ ಬಂದ ಮ್ಯಾಲ ನಾವೆಲ್ಲಾ ಎಬಿಸಿ ಬರ್ಯಾಕ ಹತ್ತಿದ್ವಿ. ನೀ ಒಬ್ಬಾಕಿ ಅಬಕ ಬರದಿದ್ದಿ. ತ್ರಿಕೋನನೂ ಬಲಕ್ಕ ವಾಲಿತ್ತು."

"ಮತ್ತ ಕೇಳಲಿಲ್ಲ ಯಾಕ?"

ಅವಳು ರಾಟಿಯ ಮೇಲೆ ಕೈ ಇಟ್ಟು ಅದನ್ನು ಅತ್ತ ಇತ್ತ ಸ್ವಲ್ಪ ಆಡಿಸಿದಳು. "ಇವತ್ತ ತಗೀತಾಳ, ನಾಳಿ ತಗೀತಾಳ ಅಂತ ಬರ್ತಿದ್ದೆ. ಬರೇ ರೈಡರ್ ಹೇಳಿಕೊಡಾಕ ಬರ್ತಿದ್ದೆ ಅಂತ ತಿಳಕೊಂಡಿದ್ದೇನು ನೀ?"

ಈ ಸಲ ಉತ್ತರಕ್ಕೆ ಅವಳು ಕಾಯಲಿಲ್ಲ. ವಹಿಯ ಹಾಳೆ ತಿರುವುತ್ತ ಹೋದಳು, ಒಂದು ಕಡೆ ನಿಂತಳು. 'ಸಮದ್ವಿಬಾಹು' ಎಂಬ ತಲೆಬರಹ ನನಗೆ ತಲೆಕೆಳಗಾಗಿ ಕಾಣುತ್ತಿತ್ತು. ಆಮೇಲೆ ಒಳಗೆ ತಿರುಗಿ ಮಗಳನ್ನು ಕರೆದಳು. ಗೌರಿ, ಮೂರನೆಯ ಇಯತ್ತೆ. ಗಲ್ಲದ ಮೇಲೆ ಸೀಮೆಸುಣ್ಣ ಹತ್ತಿತ್ತು.

"ಇದನ್ನ ಇಟಗೊಳ್ಳಲೇನು?" ಎಂದು ನೀಲಾ ನನ್ನನ್ನು ಕೇಳಿದಳು. ಇದು ಹಳೆಯ ಸಿಲೆಬಸ್ಸು, ಮೇಲಾಗಿ ಅವಳಿನ್ನೂ ಮೂರನೆಯ ಇಯತ್ತೆ ಎಂದೆ.

"ತ್ರಿಕೋನ ಬದಲಾಗಿಲ್ಲಲ್ಲ. ಈಗಿಂದ ಬರದ್ರ ಹತ್ತನೇ ಇಯತ್ತೆಕ್ಕ ಬರೂದ್ರೊಳಗ ಕೈಗೆ ಕೂಡತೈತಿ. ವಿಚಾರ ಮಾಡೂದು ಪಾಸಾದ ಮ್ಯಾಲ ಮಾಡ್ಲಿ." ಮಗಳಿಗೆ ಅವಳ ಶಾಲೆಯ ವಹಿ ತರಲು ಹೇಳಿದಳು.

ಹುಡುಗಿ ಬಾಗಿಲ ಬೆಳಕಿಗೆ ಬೋರಲು ಬಿದ್ದು ನನ್ನ ವಹಿ ನೋಡಿ ಬರೆಯತೊಡಗಿದಳು. ಅ ಬರೆದಳು, ಬ ಬರೆದಳು, ಕ ಬರೆದಳು, ಮೂರನ್ನೂ ಕೂಡಿಸಿದಳು. ಕೂಡಿಸಿದ ಮೇಲೆ ಸ್ವಲ್ಪ ಹೊತ್ತು ಆ ಚಿತ್ರವನ್ನು ನೋಡಿದಳು. ವಹಿಯನ್ನು ತಲೆಕೆಳಗಾಗಿ ತಿರುಗಿಸಿ ನೋಡಿದಳು. ಹಾಳೆಯ ತುದಿ ಹಿಡಿದು ನಡುವೆ ಮಡಚಲು ಹೋಗಿ ನಿಂತು, "ಯವ್ವಾ, ಈ ಎರಡೂ ಮೂಲಿ ಒಂದ ನಮೂನಿ ಯಾಕ ಅದಾವ?" ಎಂದು ಕೇಳಿದಳು.

ನೀಲಾ ರಾಟಿ ತಿರುಗಿಸಲು ಶುರು ಮಾಡಿದ್ದಳು.

"ಕೇಳಬ್ಯಾಡ" ಎಂದಳು. "ಬರಿ."

ಗೌರಿ 'ದತ್ತ' ಎಂದು ಬರೆದು, ಅಡಿಗೆರೆಯನ್ನು ಬರಿಗೈಯಲ್ಲಿ ಎಳೆದಳು. ಅದು ಸೊಟ್ಟಗೆ ಹೋಯಿತು. ನಾನು ಚೀಲದಿಂದ ನನ್ನ ಸ್ಕೇಲು ತೆಗೆದು ಅವಳಿಗೆ ಕೊಟ್ಟೆ.